ಗುಂಯ್ ಎನ್ನುವ ಸಪ್ಪಳ

ನಮ್ಮ ಮಾವನವರ ಬಲ ಅಂಗೈ ಸದಾ ಸುಣ್ಣ ಹತ್ತಿ ಬೆಳ್ಳಗಿರುತ್ತಿತ್ತು. ತಂಬಾಕಿನ ಚಟದಿಂದಲ್ಲ. ಮನೆಯ ಗೋಡೆಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಎಲ್ಲಿ ನಡುಗುತ್ತಿದೆ ಎಂದು ನೋಡುತ್ತಿದ್ದರು. ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ ಮೆತ್ತಗೆ. ಸ್ವಂತ ಮೊಮ್ಮಗನಿಗೆ ಜ್ವರ ಬಂದಾಗ ಆ ಕೈ ಅವನ ಹಣೆಗೆ ಹೋದದ್ದನ್ನು ನಾನಂತೂ ಕಾಣೆ.

ಇಂಡಿ ಊರಿನ ಪೇಟೆಯಲ್ಲಿ ಅವರದು ಕಾಳುಕಡಿ ದಲಾಲಿಯ ಅಡತಿ ಅಂಗಡಿ. ಎಪ್ಪತ್ತರ ದಶಕದ ಮೊದಲಿಗೆ ನಾನು ಮುದ್ದೇಬಿಹಾಳದಿಂದ ಸೊಸೆಯಾಗಿ ಬಂದಾಗ ಪಡಸಾಲೆಯ ಅರ್ಧವನ್ನು ರೆಕಾರ್ಡ್ ಪ್ಲೇಯರು, ವಾಲ್ವಿನ ಆಂಪ್ಲಿಫೈಯರು, ಎದೆಯುದ್ದದ ಎರಡು ಸ್ಪೀಕರು ಹಿಡಿದು ಕೂತಿದ್ದವು. ಎಲ್ಲ ಸೊಲ್ಲಾಪುರದಿಂದ ತಂದದ್ದು. ತಂದ ಮೇಲೆ ಸುಮ್ಮನೆ ಹಾಡು ಕೇಳಬಹುದಿತ್ತಲ್ಲ? ಎಲ್ಲಿ ಬಂತು! ನಮ್ಮೂರಿನ ಕರೆಂಟು ಒಮ್ಮೆ ಏರಿ ಒಮ್ಮೆ ಇಳಿದರೆ ಹಾಡುಗಾರನ ದನಿಯೂ ಹಾಗೇ ಆಗುತ್ತದೆಂದು ಸ್ಟೆಬಿಲೈಸರ್ ತಂದರು. ಸ್ಪೀಕರಿನ ತಂತಿ ಕರೆಂಟಿನ ತಂತಿಯ ಪಕ್ಕ ಹಾಯಬಾರದೆಂದು ಗೋಡೆ ಕೊರೆಸಿದರು. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ, ಅರ್ಥಿಂಗ್ ತಂತಿ ಇಳಿಬಿಟ್ಟರು. ಆ ಗುಂಡಿ ಒಣಗಬಾರದಲ್ಲ! ಬ್ಯಾಸಗಿಯಲ್ಲಿ ಮಕ್ಕಳ ಮೈಮೇಲೆ ಚರಗಿ ನೀರು ಬೀಳದಿದ್ದರೂ ಅದಕ್ಕೆ ದಿನಾ ಕೊಡ ನೀರು ಬೀಳಬೇಕು. ಬಾವಿಯಿಂದ ಹೊತ್ತು ತರುವವರು ಅತ್ತೆ.

ಸುಳ್ಳು ಹೇಳಲಾರೆ, ಇಷ್ಟೆಲ್ಲ ಮಾಡಿದ ಮೇಲೆ ಬಂದ ಧ್ವನಿ ಮಾತ್ರ ಅಪ್ಪಟ ಚಿನ್ನ. ಹಾಡುವವರು ಉಸಿರು ಎಳೆದುಕೊಳ್ಳುವುದೂ ಕಿವಿಗೆ ಬೀಳುತ್ತಿತ್ತು. ಮಾವನವರು ತೆಳು ತಂತಿ ಹಾಕಿ ಒಮ್ಮೆ, ದಪ್ಪ ತಾಮ್ರದ ತಂತಿ ಹಾಕಿ ಒಮ್ಮೆ, ಒಂದೇ ಹಾಡು ಕೇಳಿಸಿ, "ಏನ್ ಫರಕ್ ಆತ ಹೇಳವ್ವಾ?" ಎನ್ನುತ್ತಿದ್ದರು. ನನಗೆ ತಿಳಿಯುತ್ತಿತ್ತು. ಮನೆಯಲ್ಲಿ ಅವರು ನಕ್ಕು ಮಾತಾಡಿಸುತ್ತಿದ್ದದ್ದು ನನ್ನೊಬ್ಬಳನ್ನೇ. ಇವತ್ತು ನಾನು ಹಾಡನ್ನು ಕೇಳುವ ರೀತಿ ಅವರು ಕಲಿಸಿದ್ದು. ಆ ಋಣ ನೆನೆದರೆ ಮೈ ಉರಿಯುತ್ತದೆ, ಆದರೂ ಋಣ ಋಣವೇ.

ಅತ್ತೆ ಅಗರಖೇಡದವರು. ತವರಿನಿಂದ ಅವರು ತಂದ ಬಂಗಾರವೆಂದರೆ ಕಂಠ. ಬೀಸುವಾಗ, ಕಾಳು ಹಸನು ಮಾಡುವಾಗ, ಕೂಸು ತೂಗುವಾಗ ಹಾಡದೆ ಅವರ ಕೈ ಓಡುತ್ತಿರಲಿಲ್ಲ. ಮದುವೆ ಮನೆಯವರು ಸೋಬಾನ ಹಾಡಲು ಅವರನ್ನು ಕರೆಯಲು ಬಂದರೆ ಮಾವನವರು ಹೊಸ್ತಿಲಲ್ಲೇ ಹೇಳಿ ಕಳಿಸುತ್ತಿದ್ದರು: "ಹಾಡೂದು ಎಲ್ಲಾರಿಗೂ ಬರ್ತೈತ್ರಿ. ಸುಮ್ನಿರೂದು ಯಾರಿಗಿ ಬರ್ತೈತಿ?" ದಿನಕ್ಕೆ ಹತ್ತು ಸಲ ಹೇಳುವ ಮಾತು ಇದು.

ಪ್ಲೇಯರು ಕುಣಿಯದಂತೆ ಕೆಳಗೆ ಭಾರದ್ದೊಂದು ಏನಾದರೂ ಬೇಕಿತ್ತು. ಮಾವನವರು ಮರ ಇಟ್ಟು ನೋಡಿದರು, ಉಸುಕಿನ ಪೆಟ್ಟಿಗೆ ಇಟ್ಟು ನೋಡಿದರು. ಒಂದು ದಿನ ಅಡುಗೆಮನೆಗೆ ಬಂದು ಅತ್ತೆಯ ಬೀಸುಕಲ್ಲನ್ನು ಆಳುಗಳಿಂದ ಎತ್ತಿಸಿಕೊಂಡು ಹೋದರು.

"ಬ್ಯಾಳಿ ಎಲ್ಲಿ ಒಡೀಲ್ರಿ?" ಎಂದರು ಅತ್ತೆ.

"ಊರಾಗ ಗಿರಣಿ ಐತಲ್ಲ, ಕಳಸು."

ಸೈಕಲ್ ಟ್ಯೂಬಿನ ತುಂಡುಗಳ ಮೇಲೆ ಬೀಸುಕಲ್ಲು, ಕಲ್ಲಿನ ಮೇಲೆ ಪ್ಲೇಯರು. ಕಲ್ಲು ಹೋಯಿತು, ಅದರ ಜೊತೆ ಅತ್ತೆಯ ಬೀಸುವ ಹಾಡೂ ಹೋಯಿತು. ಅಷ್ಟಾದರೂ ರೆಕಾರ್ಡಿನ ಮೇಲೆ ಮುಳ್ಳು ಜಿಗಿಯುತ್ತಿತ್ತು. ಮಾವನವರು ಗೋಡೆಗೆ ಅಂಗೈ ಇಟ್ಟು ಮನೆಯೆಲ್ಲ ತಿರುಗಿ ಕಾರಣ ಹುಡುಕಿದರು: ರೊಟ್ಟಿ ಬಡಿಯುವುದು! ಅಂದಿನಿಂದ ರೆಕಾರ್ಡು ತಿರುಗುವಾಗ ರೊಟ್ಟಿ ಬಡಿಯುವಂತಿಲ್ಲ. ಜೋಳದ ಹಿಟ್ಟನ್ನು ಲಟ್ಟಿಸಬೇಕು. ಲಟ್ಟಿಸಿದ ರೊಟ್ಟಿ ತಾಟಿಗೆ ಬಂದರೆ, "ಇದು ರೊಟ್ಟೀನೋ ಚಪ್ಪಲಿನೋ?" ಎಂದು ತಾಟು ನೂಕುವವರೂ ಅವರೇ. ನಾವೆಲ್ಲ ಹಿಮ್ಮಡಿ ಎತ್ತಿ ನಡೆಯುವುದನ್ನು ಕಲಿತೆವು.

ಆಮೇಲೆ ಶುರುವಾಯಿತು ಗುಂಯ್ ಎನ್ನುವ ಸಪ್ಪಳ. ಎಲ್ಲ ಹಾಡಿಗೂ ಬರುತ್ತಿರಲಿಲ್ಲ. ನಿಧಾನದ ಹಾಡಿನಲ್ಲಿ, ಅದೂ ಮನಸ್ಸು ಕರಗುವಂಥ ಜಾಗದಲ್ಲಿ, ಸಣ್ಣಗೆ ಬಂದು ಸೇರಿಕೊಳ್ಳುತ್ತಿತ್ತು. ಮಾವನವರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಸೊಲ್ಲಾಪುರಕ್ಕೆ ಹೋಗಿ, ಹೊರಗಿನ ಸಪ್ಪಳ ಒಳಹೊಗದಂತೆ ಜಾಳಿಗೆ ಸುತ್ತಿದ ಹೊಸ ವೈರು ತಂದರು. ಅರ್ಥಿಂಗ್ ಗುಂಡಿ ಅಗೆಸಿ ಇನ್ನೂ ಆಳಕ್ಕೆ ಇಳಿಸಿದರು, ನೀರು ಎರಡು ಕೊಡವಾಯಿತು. ಅಂಗಡಿಯ ಕಡೆ ಲಕ್ಷ್ಯವಿಲ್ಲ, ಊಟದ ಕಡೆ ಲಕ್ಷ್ಯವಿಲ್ಲ. "ಕಳ್ಳ ಎಲ್ಲ್ಯೋ ಒಳಗ ಕುಂತಾನ," ಎಂದು ಗೊಣಗುತ್ತಿದ್ದರು.

ಒಂದು ಮಧ್ಯಾಹ್ನ ರೆಕಾರ್ಡು ತಿರುಗುತ್ತಿರುವಾಗಲೇ ಕರೆಂಟು ಹೋಯಿತು. ಹಾಡುವವರ ದನಿ ದಪ್ಪಗಾಗಿ, ಕೋಣದ ಗೊರಕೆಯಾಗಿ, ನಿಂತಿತು. ಗುಂಯ್ ಎನ್ನುವುದು ಮಾತ್ರ ನಿಲ್ಲಲಿಲ್ಲ. ಅರ್ಧಕ್ಕೆ ಬಿಟ್ಟ ಸಾಲನ್ನು ಹಿಡಿದು, ಬೆಣ್ಣೆಯ ಹಾಗೆ ಕೆಳಗಿಳಿಸಿ, ಎಲ್ಲಿ ಮುಗಿಯಬೇಕೋ ಅಲ್ಲೇ ಮುಗಿಸಿತು. ಅಡುಗೆಮನೆಯಿಂದ ಬಂದದ್ದು ಅದು. ಅತ್ತೆ, ಬಾಯಿ ಮುಚ್ಚಿಕೊಂಡೇ, ಮೂಗಿನಲ್ಲಿ ಹಾಡುತ್ತಿದ್ದರು.

ನನ್ನ ಕಣ್ಣಲ್ಲಿ ನೀರು ಬಂತು. ಮಾವನವರ ಮುಖವೂ ಅರಳಿತು. ಅವರೂ ಕರಗಿದರು ಎಂದುಕೊಂಡೆ, ಎಂಥ ಮಳ್ಳಿ ನಾನು! ತಪ್ಪು ಸಿಕ್ಕ ಖುಷಿ ಅದು.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, "ಇಷ್ಟ ದಿನ ಗುಂಯ್ ಅಂತಿದ್ದಾಕಿ ನೀನ ಏನು?" ಎಂದರು.

ಅತ್ತೆ ಹಿಟ್ಟಿನ ಕೈಯಲ್ಲೇ ಸೆರಗು ಎಳೆದುಕೊಂಡರು. "ನಾ ಹಾಡಲಿಲ್ರಿ. ತಾನ ಬಂತ್ರಿ."

"ತಾನ ಬರೂದನ್ನ ನಿಲ್ಲಸೂದು ನನಗ ಗೊತ್ತೈತಿ."

ಮರುದಿನದಿಂದ ರೆಕಾರ್ಡು ಹಚ್ಚುವ ಮೊದಲು ಅತ್ತೆ ಬಾಯಿ ತುಂಬ ನೀರು ತುಂಬಿಕೊಂಡು ಪಡಸಾಲೆಯ ಕಂಬದ ಹತ್ತಿರ ಕೂಡಬೇಕು. ನೀರಿನ ಮೇಲೇ ಲಕ್ಷ್ಯವಿದ್ದರೆ ಮೂಗಿನಲ್ಲೂ ಹಾಡು ಬರದೆಂಬುದು ಅವರ ಲೆಕ್ಕ. ರೆಕಾರ್ಡಿನ ಒಂದು ಮಗ್ಗಲು ಮುಗಿಯುವವರೆಗೆ ನುಂಗುವಂತಿಲ್ಲ, ಉಗುಳುವಂತಿಲ್ಲ. ಮುಗಿದ ಮೇಲೆ ಅದೇ ಲೋಟಕ್ಕೆ ಉಗುಳಿ ತೋರಿಸಬೇಕು. ಮಾವನವರು ಬಗ್ಗಿ ನೋಡುವರು. "ಕಡಿಮಿ ಆಗೇತಿ. ನಡುವ ಬಾಯಿ ಖಾಲಿ ಮಾಡ್ಕೊಂಡಿ," ಎಂದು ಇನ್ನೊಂದು ಮಗ್ಗಲು ಹಚ್ಚುವರು. ಅರವತ್ತರ ಹತ್ತಿರದ ಹೆಂಗಸು, ಮೊಮ್ಮಕ್ಕಳ ಎದುರಿಗೆ!

ನನ್ನ ಗಂಡ ಅಪ್ಪನೆದುರು ಉಸಿರೆತ್ತುವ ಪೈಕಿ ಅಲ್ಲ. ನಾನೇ ಹೇಳಿದೆ: "ಮಾವಾರ, ಇದು ಮನಶ್ಯಾರು ಮಾಡೂ ಕೆಲಸ ಅಲ್ರಿ."

ಅವರು ಸಿಟ್ಟಾಗಲಿಲ್ಲ. ಬೇಸರದಿಂದ ನನ್ನನ್ನು ನೋಡಿ, "ನಿನಗ ಕಿವಿ ಅದಾವ, ಬುದ್ಧಿ ಇಲ್ಲ. ಈಗ ಕೇಳು, ಎಷ್ಟ್ ಸ್ವಚ್ಛ ಐತಿ," ಎಂದರು. ನಿಜವಾಗಿಯೂ ಸ್ವಚ್ಛವಾಗಿತ್ತು. ಸಿಂದಗಿ, ಬಾಗೇವಾಡಿಯಿಂದ ಬಂದ ವ್ಯಾಪಾರಿಗಳು ಕೇಳಿ ತಲೆದೂಗುತ್ತಿದ್ದರು. ಕಂಬದ ಹತ್ತಿರ ಗಲ್ಲ ಉಬ್ಬಿಸಿಕೊಂಡು ಕೂತ ಮುದುಕಿಯನ್ನು ಯಾರೂ ಏನೆಂದು ಕೇಳಲಿಲ್ಲ. ವರ್ಷಗಳು ಹೀಗೇ ಹೋದವು. ಕೊನೆಕೊನೆಗೆ ಅತ್ತೆ ರೆಕಾರ್ಡು ಹಚ್ಚದ ಹೊತ್ತಿನಲ್ಲೂ ಸುಮ್ಮನೇ ಇರತೊಡಗಿದರು.

ಆ ದಶಕ ಮುಗಿಯುವ ಮೊದಲೇ ಮಾವನವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಬಿತ್ತು. ಕಿವಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ನನ್ನ ಗಂಡ ಅವರ ಮಂಚವನ್ನು ಸ್ಪೀಕರುಗಳ ಎದುರು ಹಾಕಿ, ಅವರ ಮೆಚ್ಚಿನ ರೆಕಾರ್ಡು ಹಚ್ಚಿದರು. ಮಾವನವರು ಎಡಗೈ ಬೀಸಿ ಬೇಡವೆಂದರು. ಬಂದ್ ಮಾಡಿದೆವು. ಆಮೇಲೆ ಬೆರಳನ್ನು ಅತ್ತೆಯತ್ತ ತೋರಿಸಿ, ತಮ್ಮ ಗಂಟಲು ಮುಟ್ಟಿಕೊಂಡರು. ಮತ್ತೆ ಅತ್ತೆಯತ್ತ, ಮತ್ತೆ ಗಂಟಲು. ಮೂಗಿನಿಂದ ಗುಂಯ್ ಎಂದು ತಾವೇ ಒಂದಿಷ್ಟು ಮಾಡಿ ತೋರಿಸಿದರು. ಕಣ್ಣಿಂದ ನೀರು ಕಿವಿಯತ್ತ ಇಳಿಯುತ್ತಿತ್ತು.

"ಯವ್ವಾ, ಹಾಡಂತ ಕೇಳಾಕತ್ತಾನ ಅಪ್ಪ," ಎಂದರು ನನ್ನ ಗಂಡ.

ಅತ್ತೆ ಅವರ ಮುಖ ನೋಡಿದರು. "ಅದು ತಾನ ಬರಬೇಕಲ್ಲೋ ಯಪ್ಪಾ. ಬರವಲ್ದು," ಎಂದು ಎದ್ದು ಒಳಗೆ ಹೋದರು.

ಒಳ್ಳೇದು ಮಾಡಿದಿರಿ ಅತ್ತೀ, ಎಂದು ನನ್ನ ಹೊಟ್ಟೆ ತಣ್ಣಗಾಯಿತು. ಹಟಕ್ಕೆ ಅಂದರು ಎಂದೇ ತಿಳಿದು ಹಿಂದೆ ಹೋದೆ. ಅತ್ತೆ ಒಲೆಯ ಮುಂದೆ ಕೂತಿದ್ದರು. ಬಾಯಿ ತೆರೆಯುತ್ತಿದ್ದರು, ಕುತ್ತಿಗೆಯ ನರ ಬಿಗಿಯುತ್ತಿತ್ತು, ಬರೀ ಗಾಳಿ ಬರುತ್ತಿತ್ತು. ಮತ್ತೆ ತೆರೆದರು. ಮತ್ತೆ ಗಾಳಿ. ಮನೆ ಎಷ್ಟು ಸ್ತಬ್ಧವಾಗಿತ್ತೆಂದರೆ, ಆ ಗಾಳಿ ಪಡಸಾಲೆಯ ಮಂಚದವರೆಗೂ ಕೇಳಿಸಿರಬೇಕು. ಆ ವಾರವೇ ಮಾವನವರು ಹೋದರು.