ಸಂಗಯ್ಯನವರ ಹಡಗು, ನೀಲಗಂಗವ್ವನ ಅಂಗಡಿ

ದಾಸನಕೊಪ್ಪದ ಸಂಗಯ್ಯನವರಿಗೆ ಊರಿನವರ ಮೇಲೆ ಇರುವ ದೂರು ಒಂದೇ: ಅವರು ಸನ್ಮಾನ ಮಾಡುತ್ತಾರೆ. ಆಗಸ್ಟಿನಲ್ಲಿ ಒಂದು, ಜನವರಿಯಲ್ಲಿ ಒಂದು, ನಡುವೆ ಯಾವುದಾದರೂ ಸಂಘದ ವೇದಿಕೆಯ ಮೇಲೆ ಕುರ್ಚಿ ಖಾಲಿ ಉಳಿದರೆ ಇನ್ನೊಂದು. ನೌಕಾದಳದಲ್ಲಿದ್ದು ಬಂದವರು ಈ ಸುತ್ತಿನಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಎಪ್ಪತ್ತು ದಾಟಿದ ಅವರ ಮೊಣಕಾಲಿಗೆ ಬಿಡುವಿಲ್ಲ. ಬಂದ ಶಾಲುಗಳನ್ನು ಹೆಂಡತಿ ನೀಲಗಂಗವ್ವ ಮಂಡಕ್ಕಿ ಚೀಲಕ್ಕೆ ಹೊದಿಸುತ್ತಾರೆ. ಮಂಡಕ್ಕಿ ಮೆತ್ತಗಾಗುವುದಿಲ್ಲ. ಸನ್ಮಾನದಿಂದ ಈವರೆಗೆ ಆದ ಲಾಭ ಅಷ್ಟು.

ಮಂಡಕ್ಕಿ ಚೀಲ ಇರುವುದು ಬಸ್ಸು ನಿಲ್ಲುವ ಸರ್ಕಲ್ಲಿನ ಗೂಡಂಗಡಿಯಲ್ಲಿ. ಆ ಅಂಗಡಿ ಇಟ್ಟವರು ನೀಲಗಂಗವ್ವ. ಗಂಡ ಸಮುದ್ರದ ಮೇಲಿದ್ದಷ್ಟು ವರ್ಷ ಚಹಾ, ಮಿರ್ಚಿ ಮಾರಿ ಅತ್ತೆಯನ್ನೂ ಎರಡು ಎಮ್ಮೆಯನ್ನೂ ಸಾಕಿದರು. ಸಂಗಯ್ಯನವರು ಪಿಂಚಣಿ ಹಿಡಿದು ಬಂದ ದಿನದಿಂದ ಅಂಗಡಿ ಮುಚ್ಚೋಣ ಎನ್ನುತ್ತಿದ್ದಾರೆ. ಮೊದಲ ಬಸ್ಸಿಗೆ ಮುಂಚೆ ನೀರು ಹೊತ್ತು, ಒಲೆ ಹಚ್ಚಿ, ಕೊನೆಯ ಬಸ್ಸು ಹೋಗುವವರೆಗೆ ಸ್ಟೂಲಿನ ಮೇಲೆ ಕೂರುವುದು ಅವರಿಗೆ ಸಾಕಾಗಿದೆ. ನೀಲಗಂಗವ್ವನಿಗೆ ಸಾಕಾಗಿಲ್ಲ. ಯಾರ ಮಗಳು ಬಸುರಿ, ಯಾರ ಸೊಸೆ ಸಿಟ್ಟಾಗಿ ತವರಿನ ಬಸ್ಸು ಹತ್ತಿದಳು, ಎಲ್ಲ ಅಲ್ಲಿಯೇ ಗೊತ್ತಾಗಬೇಕು. ಮನೆಯಲ್ಲಿ ಕೂತರೆ ಗೋಡೆ ಏನು ಹೇಳೀತು ಎಂಬುದು ಅವರ ವಾದ.

ಈ ವಾದ ಹಾಗೇ ನಡೆದಿರುವಾಗ ಸಿರ್ಸಿಯಿಂದ ವಿಶ್ವೇಶ್ವರ ಸರ್ ಬಂದರು. ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದ ಮೇಲೆ, ಕುರ್ಚಿ ಇಲ್ಲದೆ ಕೂರಲಾರದೆ, ಸಮಿತಿಗಳನ್ನು ಕಟ್ಟುತ್ತ ಬಂದವರು. ಈಗಿನದು ಸ್ಮಾರಕ ಸಮಿತಿ. ಯುದ್ಧಕಾಲದಲ್ಲಿ ಟ್ಯಾಂಕು ಸಾಗಿಸಿದ ಸಂಗಯ್ಯನವರ ಹಡಗನ್ನು ಸಿಮೆಂಟಿನಲ್ಲಿ ಮಾಡಿ, ಸಂಗಯ್ಯನವರ ಗೌರವಾರ್ಥ ಸರ್ಕಲ್ಲಿನಲ್ಲಿ ನಿಲ್ಲಿಸುವುದೆಂದು ನಿರ್ಣಯವಾಗಿತ್ತು. ಒಂದೇ ತೊಡಕು, ಅಲ್ಲಿ ಸಂಗಯ್ಯನವರ ಅಂಗಡಿ ಇತ್ತು. ಜಾಗ ಪಂಚಾಯ್ತಿಯದು, ಪಂಚಾಯ್ತಿ ಒಪ್ಪಿತ್ತು. ಯೋಧನ ಸ್ಮಾರಕಕ್ಕೆ ಯೋಧರೇ ಅಡ್ಡಿಯಾಗಲಾರರೆಂಬ ಭರವಸೆ ತಮಗಿದೆ ಎಂದು ಸರ್ ಹೇಳಿ ಹೋದರು.

ಆ ದಿನ ಒಂದು ಬಾಣಲೆ ಮಿರ್ಚಿ ಪೂರಾ ಸೀದವು. ನೀಲಗಂಗವ್ವನ ಕೈಯಲ್ಲಿ ಹಾಗೆ ಎಂದೂ ಆಗಿರಲಿಲ್ಲ. ತಾವು ಮುಚ್ಚಲಾಗದ ಅಂಗಡಿಯನ್ನು ಸಮಿತಿಯೇ ಮುಚ್ಚಿಸುತ್ತದೆಂದು ಸಂಗಯ್ಯನವರಿಗೆ ಒಳಗೊಳಗೆ ಹಗುರಾಗಿದ್ದು ನಿಜ. ಸೀದ ಮಿರ್ಚಿಯನ್ನು ಒಂದೊಂದಾಗಿ ನಾಯಿಗೆ ಎಸೆಯುತ್ತಿದ್ದ ಹೆಂಡತಿಯ ಮುಖ ನೋಡಿದ ಮೇಲೆ ಆ ಹಗುರ ಉಳಿಯಲಿಲ್ಲ.

ಮುಂದಿನ ವಾರ ಸರ್ ಹಡಗಿನ ಸೇವಾ ಚರಿತ್ರೆ ಬರೆದುಕೊಳ್ಳಲು ಅಂಗಡಿಗೇ ಬಂದರು. ಜೊತೆಗೆ ಕೆರಿಯಪ್ಪ. ಮನೆ ಗೇಟಿನ ಆನೆ, ಶಾಲೆ ಮುಂದಿನ ಭಾರತಮಾತೆ ಎಲ್ಲ ಅವನ ಸಿಮೆಂಟಿನ ಕೆಲಸ. ಹಡಗನ್ನು ಅವನು ಕ್ಯಾಲೆಂಡರಿನಲ್ಲಿ ನೋಡಿದ್ದ.

ಸಂಗಯ್ಯನವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೇಳಿದ ಮೇಲಾದರೂ ಸಮಿತಿ ಕೈಬಿಟ್ಟೀತು ಎಂಬ ಆಸೆ. ಹಡಗು ಹುಟ್ಟಿದ್ದು ಬೇರೆಯವರ ಯುದ್ಧಕ್ಕೆ, ಬ್ರಿಟಿಷರ ಗಡಿಬಿಡಿಯಲ್ಲಿ. ಒಂದೆರಡು ಸಲ ದಂಡೆಗೆ ಹೋಗಿ ಬಂದರೆ ಸಾಕೆಂದು ಕಟ್ಟಿದ್ದು. ಅಷ್ಟಕ್ಕೆ ಯಾಕೆಂದು ಹೆಸರನ್ನೂ ಇಡದೆ ಬರೀ ನಂಬರು ಕೊಟ್ಟಿದ್ದರು. ಯುದ್ಧ ಮುಗಿಯಿತು, ಹಡಗು ಮುಗಿಯಲಿಲ್ಲ. ನಮ್ಮ ದೇಶಕ್ಕೆ ಬಂದು ಸಿಮೆಂಟು ಹೊತ್ತಿತು, ಅಕ್ಕಿ ಹೊತ್ತಿತು, ಜೀಪು ಹೊತ್ತಿತು, ಒಮ್ಮೆ ಯಾವುದೋ ದ್ವೀಪಕ್ಕೆ ಆಡುಗಳನ್ನೂ ಹೊತ್ತಿತು. ತಳ ಚಪ್ಪಟೆ, ದನಕ್ಕೆ ನೀರಿಡುವ ಬಾನಿಯ ಹಾಗೆ. ಸಣ್ಣ ತೆರೆಗೂ ಹೊರಳಾಡುತ್ತಿತ್ತು. ದಂಡೆ ಹತ್ತಿರವಾದಾಗ ಹಿಂದಿನಿಂದ ಲಂಗರು ಬಿಟ್ಟು, ಮೂತಿಯನ್ನು ಬೇಕೆಂದೇ ಮರಳಿಗೆ ಹತ್ತಿಸುವುದು. ವಾಪಸು ಬರುವಾಗ ಆ ಲಂಗರನ್ನೇ ಎಳೆದು ಹಿಂದೆ ಸರಿಯುವುದು. ಸಂಗಯ್ಯನವರ ಕೆಲಸ ಆ ಹಿಂದಿನ ಲಂಗರು. ಆದ್ದರಿಂದ ಹೋದ ಯಾವ ದಂಡೆಯನ್ನೂ ಅವರು ಸರಿಯಾಗಿ ನೋಡಿಲ್ಲ, ಸದಾ ಬೆನ್ನು ಹಾಕಿ ನಿಂತಿರುತ್ತಿದ್ದರು.

ಸರ್ ಬೆನ್ನು ಹಾಕಿದ ಭಾಗವನ್ನು ಬರೆದುಕೊಳ್ಳಲಿಲ್ಲ.

"ಅದೆಲ್ಲ ಇರಲಿ ಮಾರಾಯ್ರೆ. ಎಪ್ಪತ್ತೊಂದರ ಯುದ್ಧದಲ್ಲಿ ಎಂತ ಮಾಡ್ತು, ಅದನ್ನ ಹೇಳಿ."

"ಕಾಯ್ಕೋತ ನಿಂತಿತ್ರಿ."

"ಯಾರನ್ನ?"

"ಆರ್ಡರಿಗ್ರಿ. ಅದು ಬರೂದ್ರಾಗ ಯುದ್ಧ ಮುಗೀತು. ಟ್ಯಾಂಕ್ ಏರಿಸಿದವರೂ ನಾವ, ಇಳಿಸಿದವರೂ ನಾವ. ಅದೂ ಏರಿಸಿದ ಬಂದರದಾಗ."

ಸರ್ ಸ್ವಲ್ಪ ಹೊತ್ತು ಪೆನ್ನು ಕಚ್ಚಿ, 'ಶತ್ರುವಿನ ನಿದ್ದೆಗೆಡಿಸಿದ ನೌಕೆ' ಎಂದು ಬರೆದು ಓದಿ ತೋರಿಸಿದರು.

"ನಿದ್ದಿ ಕೆಟ್ಟಿದ್ದು ನಮ್ದರಿ ಸರ್," ಎಂದರು ಸಂಗಯ್ಯನವರು. ತಿದ್ದುಪಡಿ ಅಂಗೀಕಾರವಾಗಲಿಲ್ಲ.

ಚರಿತ್ರೆ ಎಷ್ಟು ಸಪ್ಪೆಯಾದರೂ ಸಮಿತಿ ಸ್ಮಾರಕವನ್ನು ಕೈಬಿಡುವುದಿಲ್ಲವೆಂಬುದು ಇಷ್ಟು ಹೊತ್ತಿಗೆ ಖಚಿತವಾಗಿತ್ತು. ಅಷ್ಟರಲ್ಲಿ ಕೆರಿಯಪ್ಪ ತನಗೆ ಬೇಕಾದ್ದನ್ನು ಕೇಳಿದ: ಹಡಗಿನ ಒಳಗೆ ಏನಿತ್ತು? ಏನೂ ಇಲ್ಲ, ಒಳಗೆಲ್ಲ ಖಾಲಿ, ಮುಂದೆ ಎರಡು ದೊಡ್ಡ ಬಾಗಿಲು, ಅವು ತೆರೆದರೆ ಇಳಿಜಾರು ಹಲಗೆ, ಒಟ್ಟಿನಲ್ಲಿ ನೀರಿನ ಮೇಲಿನ ಗೋದಾಮು ಎಂದರು ಸಂಗಯ್ಯನವರು. ಖಾಲಿ ಇದ್ದರೆ ಒಳ್ಳೆಯದು, ಸಿಮೆಂಟು ಉಳಿಯುತ್ತದೆ ಎಂದ ಕೆರಿಯಪ್ಪ.

ನೀಲಗಂಗವ್ವ ಒಲೆಯ ಉರಿ ಸಣ್ಣ ಮಾಡಿ ಎದ್ದು ಬಂದರು.

"ಒಳಗ ಎಷ್ಟು ಎತ್ತರ ಮಾಡ್ತಿಯಪ್ಪ?"

ಕೆರಿಯಪ್ಪ ತಲೆಯ ಮೇಲೆ ಕೈ ಎತ್ತಿ ತೋರಿಸಿದ.

"ಹೊಗಿ ಹೋಗಾಕ?"

ಹಡಗಿಗೆ ಹೊಗೆಕೊಳವೆ ಹೇಗೂ ಬೇಕಲ್ಲ ಎಂದ ಅವನು.

"ಹಂಗಾರ ನಾ ಯಾಕ ಏಳಬೇಕ್ರಿ? ಹಡಗು ನನ್ನ ಸುತ್ತ ಕಟ್ರಿ."

ಸರ್ ಎದ್ದು ನಿಂತರು. ಯುದ್ಧನೌಕೆಗೆ ಒಂದು ಘನತೆ ಇರುತ್ತದೆ, ಅದರ ಬಾಯಿಂದ ಮಿರ್ಚಿಯ ವಾಸನೆ ಬಂದರೆ ದೇಶಕ್ಕೇ ಅವಮಾನ ಎಂಬ ಅರ್ಥದ ಮಾತಾಡಿ ಸಂಗಯ್ಯನವರ ಕಡೆ ತಿರುಗಿದರು.

"ನೀವೇ ಹೇಳಿ ಸಂಗಯ್ಯನವರೇ. ನೀವು ಹೇಳಿದ ಹಾಗೇ ಆಗ್ಲಿ. ಹಡಗಿನೊಳಗೆ ಕರಿಯೋದು, ಮಾರೋದು ಎಲ್ಲ ಇತ್ತಾ?"

ಇಲ್ಲ ಎಂದರೆ ಮುಗಿಯಿತು. ನೀರು ಹೊರುವುದು, ಸ್ಟೂಲು, ಮೊದಲ ಬಸ್ಸು, ಕೊನೆಯ ಬಸ್ಸು, ಎಲ್ಲ ಒಂದೇ ಶಬ್ದದಲ್ಲಿ ಮುಗಿಯುತ್ತಿತ್ತು. ಕೇಳಿ ನೋಡಲು ಆ ಹಡಗಿನವರು ಇನ್ನೊಬ್ಬರು ಈ ತಾಲೂಕಿನಲ್ಲಿಲ್ಲ. ನೀಲಗಂಗವ್ವ ಗಂಡನ ಕಡೆ ನೋಡಲಿಲ್ಲ. ಸೆರಗಿನಲ್ಲಿ ಕೈ ಒರೆಸುತ್ತ ನಿಂತರು. ಒರೆಸಿದ ಕೈಯನ್ನೇ ಮತ್ತೆ ಒರೆಸಿದರು.

"ಕರೀತಿದ್ರು," ಎಂದರು ಸಂಗಯ್ಯನವರು. "ದಿನಾ ಕರೀತಿದ್ರು. ಮಾರಾಕ ಕ್ಯಾಂಟೀನೂ ಇತ್ತು. ಟ್ಯಾಂಕ್ ನಿಲ್ಲೂ ಜಾಗದಾಗ ಉಳ್ಳಾಗಡ್ಡಿ ಚೀಲ ಇಡತಿದ್ವಿ."

ನೀಲಗಂಗವ್ವ ಒಲೆಯ ಹತ್ತಿರ ಹೋಗಿ ಉರಿ ದೊಡ್ಡದು ಮಾಡಿದರು.

ಮಳೆ ಕಳೆದ ಮೇಲೆ ಹಡಗು ಎದ್ದಿತು. ಬೂದು ಬಣ್ಣ, ಮುಂದೆ ಬಾಗಿಲು, ಬಾಗಿಲಿಗೊಂದು ಇಳಿಜಾರು, ಒಳಗೆ ಅಂಗಡಿ. ಸರ್ ಹಟ ಹಿಡಿದು ಮೇಲೊಂದು ಫಿರಂಗಿ ಕೂರಿಸಿದ್ದಾರೆ, ಅದು ಬನವಾಸಿ ಬಸ್ಸಿಗೆ ಗುರಿಯಿಟ್ಟಿದೆ. ಉದ್ಘಾಟನೆಯಲ್ಲಿ ಅವರು ಇದನ್ನು 'ಜೀವಂತ ಸ್ಮಾರಕ' ಎಂದು ಕರೆದು, ಆ ಕಲ್ಪನೆ ತಮಗೆ ಮೊದಲ ದಿನವೇ ಹೊಳೆದಿತ್ತೆಂದರು. ಸಂಗಯ್ಯನವರಿಗೆ ಶಾಲು ಹೊದಿಸಲಾಯಿತು.

ಈಗ ಸ್ಮಾರಕ ನೋಡಲು ಬರುವವರಿಗೂ ಚಹಾ ಆಗಬೇಕಾದ್ದರಿಂದ ನೀರು ಎರಡು ಕೊಡ ಹೆಚ್ಚು ಬೇಕು. ಸಂಗಯ್ಯನವರು ಇಳಿಜಾರಿನಲ್ಲಿ ಇಳಿದು ಹೋಗುತ್ತಾರೆ, ಕೊಡ ಹೊತ್ತು, ಮೊಣಕಾಲ ಮೇಲೆ ಕೈ ಊರಿ ಹತ್ತಿ ಬರುತ್ತಾರೆ. ಮೊನ್ನೆ ಕೊಡ ಇಳಿಸಿ ಸ್ಟೂಲಿನ ಮೇಲೆ ಕೂತವರು, ಸೋಮವಾರವೊಂದು ದಿನ ಬಂದ್ ಇಟ್ಟರೆ ಹೇಗೆ ಎಂದು ಕೇಳಿದರಂತೆ. ನೀಲಗಂಗವ್ವ ಮಿರ್ಚಿ ತಿರುವುತ್ತಲೇ ಕೇಳಿದರು:

"ಹಡಗಿಗೆ ಸೋಮವಾರ ಇತ್ತೇನ್ರಿ?"

ಸಂಗಯ್ಯನವರು ಯೋಚಿಸಿ ನೋಡಿದರು. ಇರಲಿಲ್ಲ.