ಯಾತ್ರಿಕರು ಆಡದ ಮಾತು

ನಾನು ಓದಿದ್ದು ಏಳನೇ ತರಗತಿಯವರೆಗೆ. ಆಮೇಲೆ ಅಮ್ಮ ತೀರಿಕೊಂಡಳು, ಅಡುಗೆಮನೆ ನನ್ನದಾಯಿತು. ಕಾಶಿಯ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಅಪ್ಪ ಶ್ರಾದ್ಧ ಮಾಡಿಸುತ್ತಿದ್ದರು, ನಾನು ಮಡಿಯಲ್ಲಿ ಅಡುಗೆ ಮಾಡುತ್ತಿದ್ದೆ. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ನಾನೇ ಬರೆಯಬೇಕು.

ನನ್ನ ತಮ್ಮನಿಗೆ ಒಂಬತ್ತನೇ ವಯಸ್ಸಿನಲ್ಲಿ ತೊನ್ನು ಕಾಣಿಸಿತು. ಮೊದಲು ತುಟಿಯ ಪಕ್ಕ, ಆಮೇಲೆ ಎರಡೂ ಕೈಗೆ. ಗಲ್ಲಿಯ ಹುಡುಗರು ಅವನನ್ನು "ಚಿತ್‌ಕಬ್ರಾ" ಎಂದು ಕೂಗುತ್ತಿದ್ದರು. ಮಚ್ಚೆಮಚ್ಚೆಯ ದನಕ್ಕೆ ಹೇಳುವ ಮಾತು ಅದು. ಶಾಲೆಯಲ್ಲಿ ಅವನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಮನೆಗೆ ಬಂದು ಅಪ್ಪನ ಮುಂದೆ ಕೂತು ಮಂತ್ರ ಕಲಿಯುತ್ತಿದ್ದ. ಅಲ್ಲಿ ಮಾತ್ರ ಅವನ ದನಿ ಏರುತ್ತಿತ್ತು.

ಹತ್ತೊಂಬತ್ತಾದಾಗ ಅಪ್ಪ ಅವನನ್ನು ಮೊದಲ ಬಾರಿಗೆ ಶ್ರಾದ್ಧ ಮಾಡಿಸಲು ಕೂರಿಸಿದರು. ಹಾಸನದ ಕಡೆಯ ಒಬ್ಬ ಮೇಷ್ಟ್ರು ತಮ್ಮ ತಾಯಿಯ ಕಾರ್ಯಕ್ಕೆ ಬಂದಿದ್ದರು. ನನ್ನ ತಮ್ಮ ಪಿಂಡ ಕಟ್ಟುವುದನ್ನು ತೋರಿಸುವಾಗ ಅವರು ಅವನ ಕೈಯನ್ನು ಒಮ್ಮೆ ನೋಡಿದರು. ಅಷ್ಟೇ. ಊಟ ಮಾಡಿ ಹೊರಟರು. ಆ ಸಂಜೆ ನಾನು ಅಪ್ಪನಿಗೆ ಹೇಳಿದೆ: "ಆ ಮೇಷ್ಟ್ರು ಅಸಹ್ಯ ಪಟ್ಕೊಂಡ್ರು ಅಪ್ಪ. ಇಂಥ ಕೈಲಿ ಮಾಡ್ಸಿದ್ರೆ ನಮ್ಮಮ್ಮನಿಗೆ ಮುಟ್ಟುತ್ತಾ ಅಂದ್ರು." ತಮ್ಮ ಅಲ್ಲೇ ಕೂತು ಕೇಳಿಸಿಕೊಂಡ.

ಅವರು ಹಾಗೆ ಅಂದಿರಲಿಲ್ಲ. ಆ ವರ್ಷ ಎರಡು ಕಡೆಯವರು ನನ್ನನ್ನು ನೋಡಿ ಹೋಗಿ ಸುದ್ದಿಯೇ ಕಳಿಸಿರಲಿಲ್ಲ. ಕಾರಣ ತಮ್ಮನ ಚರ್ಮ ಎಂದು ನಾನೇ ತೀರ್ಮಾನಿಸಿದ್ದೆ. ಅವನು ಯಾತ್ರಿಕರ ಎದುರು ಕೂತರೆ ಊರೂರಿಗೂ ಗೊತ್ತಾಗುತ್ತದೆ, ಒಳಗೇ ಇರಲಿ ಎನಿಸಿತ್ತು. ಗಲ್ಲಿಯ ಹುಡುಗರು ಏನಂದರೂ ಎದುರಿಗೇ ಅಂದಿದ್ದರು.

ಅವನು ಮತ್ತೆ ಶ್ರಾದ್ಧಕ್ಕೆ ಕೂರಲಿಲ್ಲ. ವಿಶ್ವವಿದ್ಯಾಲಯದ ಎದುರಿನ ಲಂಕಾ ಬಡಾವಣೆಯಲ್ಲಿ ಜೆರಾಕ್ಸ್ ಅಂಗಡಿ ಸೇರಿದ. ಜ್ಯೇಷ್ಠದ ಬಿಸಿಲಲ್ಲೂ ತುಂಬುತೋಳಿನ ಅಂಗಿ. ಅಪ್ಪ ಹೋದರು. ನನ್ನ ಮದುವೆಯೂ ಆಗಲಿಲ್ಲ. ಹೀಗೆ ಹತ್ತು ವರ್ಷ.

ಕಳೆದ ವರ್ಷ ಅವನಿಗೆ ಫೋನಿನಲ್ಲಿ ಒಂದು ಗುಂಪು ಸಿಕ್ಕಿತು. ತೊನ್ನು ಇರುವವರೇ ಸೇರಿ ನಡೆಸುವುದು. ಅಲ್ಲಿ ಔಷಧಿಯ ಮಾತಿಲ್ಲ. ಭಾನುವಾರ ಬೆಳಿಗ್ಗೆ ಒಬ್ಬೊಬ್ಬರೂ ತಮಗಾದದ್ದನ್ನು ಹಿಂದಿಯಲ್ಲಿ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಮೊದಮೊದಲು ಅವನು ಮುಖ ತೋರಿಸಲಿಲ್ಲ. ಆಮೇಲೆ ತೋರಿಸಿದ. ಒಂದು ದಿನ ಅರ್ಧ ತೋಳಿನ ಅಂಗಿ ತೊಟ್ಟು ಹಾಲಿಗೆ ಹೋದ. ಹಾಲಿನವ "ಕಾ ಗುರು, ಆಜ್ ತ ಹೀರೋ ಲಗತ್ ಹೌವಾ!" ಎಂದನಂತೆ, ಇವತ್ತು ಹೀರೋ ಥರ ಕಾಣ್ತಿದ್ದೀಯ ಅಂತ. ನಗುತ್ತಾ ಬಂದ.

ಗುಂಪಿನಲ್ಲಿ ಒಂದು ಕೆಲಸ ಕೊಟ್ಟರು: ನಿಮ್ಮನ್ನು ಎಲ್ಲರಿಗಿಂತ ಹೆಚ್ಚು ನೋಯಿಸಿದವರಿಗೆ ಪತ್ರ ಬರೆಯಿರಿ, ಕಳಿಸಲೇಬೇಕೆಂದಿಲ್ಲ. ತಮ್ಮ ಬರೆದ. ಕಳಿಸುತ್ತೇನೆ ಎಂದೂ ಹೊರಟ. ಯಾತ್ರಿಕರ ಹೆಸರು, ಊರು, ವಂಶ ಬರೆದಿಡುವ ಬಹಿ ಎಂಬ ಉದ್ದನೆಯ ಪುಸ್ತಕವನ್ನು ಅಟ್ಟದಿಂದ ಇಳಿಸಿದ.

"ಅಕ್ಕ, ಹಾಸನದ ಮೇಷ್ಟ್ರ ಪುಟ ಎಲ್ಲಿ?"

"ಬಿಡೋ. ಎಷ್ಟು ವರ್ಷ ಆಯ್ತು."

"ಗಲ್ಲಿ ಹುಡುಗ್ರನ್ನ ಬಿಟ್ಟಾಯ್ತು. ಅವ್ರಲ್ಲಿಬ್ರು ನನ್ ಹತ್ರಾನೇ ಜೆರಾಕ್ಸ್ ಮಾಡಿಸ್ತಾರೆ, ಭಯ್ಯಾ ಭಯ್ಯಾ ಅಂತ. ಈ ಮನುಷ್ಯನ್ನ ಬಿಡಕ್ಕಾಗ್ತಿಲ್ಲ. ಬೈದಿಲ್ಲ ಅಕ್ಕ. ಗೊತ್ತಾಗ್ಲಿ ಅಂತ ಅಷ್ಟೇ."

ಅವನ ಬೆರಳು ಒಂದು ಸಹಿಯ ಮೇಲೆ ನಿಂತಿತು. ಕೆಳಗೆ ಪೂರ್ತಿ ವಿಳಾಸವಿತ್ತು.

"ಅವರು ಏನೂ ಅನ್ನಲಿಲ್ಲ ಕಣೋ," ಎಂದೆ. "ಅಂದಿದ್ದು ನಾನು."

ಅವನಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ.

"ಒಂದು ಮಾತೂ ಅನ್ನಲಿಲ್ವಾ?"

"ಹೋಗೋವಾಗ ಬಾಗ್ಲಲ್ಲಿ ಹೇಳಿದ್ರು. ನಿಮ್ಮ ತಮ್ಮ ಚೆನ್ನಾಗಿ ಮಾಡ್ಸಿದ್ರು, ಮನಸ್ಸು ಹಗುರಾಯ್ತು ಅಂತ."

"ಅದನ್ನೂ ನೀನೇ ಇಟ್ಕೊಂಡ್ಯಾ?"

ಬೈಯಲಿಲ್ಲ. ಬಹಿ ಮುಚ್ಚಿ ಎದ್ದುಹೋದ. ನಾಲ್ಕು ದಿನ ನನ್ನೊಡನೆ ಹಿಂದಿಯಲ್ಲೇ ಮಾತಾಡಿದ, ಅಂಗಡಿಗೆ ಬಂದವರೊಡನೆ ಆಡುವಂತೆ.

ಭಾನುವಾರ ಕರೆದ. "ಕೂತ್ಕೋ. ನೀನೇ ಹೇಳು ಅವ್ರಿಗೆ."

ಪುಟ್ಟ ಪರದೆಯ ತುಂಬ ಮುಖಗಳು. ನನ್ನದು ತರಕಾರಿ ಕೊಳ್ಳುವ ಗಲ್ಲಿಯ ಹಿಂದಿ. ಅದರಲ್ಲೇ ಹೇಳಿದೆ. ಯಾರೂ ಪರವಾಗಿಲ್ಲ ಎನ್ನಲಿಲ್ಲ. ಒಬ್ಬ ಹೆಂಗಸು ಕಣ್ಣೊರೆಸಿಕೊಂಡು, ನನ್ನ ಮನೆಯಲ್ಲೂ ಹೀಗೇ ಆಗಿತ್ತು, ಆದರೆ ಯಾರೂ ಬಂದು ಹೇಳಲಿಲ್ಲ ಎಂದಳು.

ತಮ್ಮ ತಾನು ಬರೆದ ಪತ್ರವನ್ನು ಜೇಬಿನಿಂದ ತೆಗೆದ. ಮೇಲಿದ್ದ ಮೇಷ್ಟ್ರ ಹೆಸರನ್ನು ಹೊಡೆದುಹಾಕಿ, "ಅಕ್ಕನಿಗೆ" ಎಂದು ಬರೆದು ನನ್ನ ಕೈಗಿಟ್ಟ. ಉಳಿದ ಒಂದು ಸಾಲನ್ನೂ ಬದಲಾಯಿಸಲಿಲ್ಲ.