ಅಕ್ಕನನ್ನು ಗೇಟಿನಲ್ಲೇ ನಿಲ್ಲಿಸಿದ ಬೇಸಿಗೆ

ಎಂಬತ್ತರ ದಶಕದಲ್ಲಿ ಅಕ್ಕ ತನ್ನ ಒಂದು ಕಿಡ್ನಿಯನ್ನು ನನಗೆ ಕೊಟ್ಟಳು. ಮದರಾಸಿನಲ್ಲಿ ಆಪರೇಷನ್ ಮುಗಿಸಿಕೊಂಡು ಬಂದಾಗ ನನ್ನನ್ನು ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಒಬ್ಬರ ಹೊಟ್ಟೆಯೊಳಗಿನದನ್ನು ತೆಗೆದು ಇನ್ನೊಬ್ಬರ ಹೊಟ್ಟೆಗೆ ಹಾಕಿ ಹೊಲಿಯುತ್ತಾರೆಂದರೆ ಯಾರು ನಂಬುತ್ತಾರೆ? ನಮ್ಮ ಎಸ್ಟೇಟಿನ ಮೇಸ್ತ್ರಿ ಮಾತ್ರ, "ಕಾಫಿ ಗಿಡಕ್ಕೆ ಕಸಿ ಕಟ್ಟಿದ್ಹಂಗೆ ಅನ್ನಿ ರೈಟ್ರೇ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ನಾನು ಬಾಳೂರಿನ ಮೇಲಿನ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದೆ. ಹಾಜರಿ ಬರೆಯುವುದು, ಆಳುಗಳಿಗೆ ಕೆಲಸ ಹಂಚುವುದು, ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಿತೋ ಇಲ್ಲವೋ ನೋಡುವುದು ನನ್ನ ಕೆಲಸ. ಅಕ್ಕನನ್ನು ಆಲ್ದೂರಿಗೆ ಕೊಟ್ಟಿತ್ತು. ಭಾವನದು ಪೇಟೆಯಲ್ಲಿ ದಿನಸಿ ಅಂಗಡಿ. ಅಪ್ಪ, ಅವ್ವ ಇಬ್ಬರೂ ಹೋಗಿಬಿಟ್ಟಿದ್ದರಿಂದ ನನ್ನ ಆ ಎರಡು ಕೋಣೆಯ ಕ್ವಾರ್ಟರ್ಸೇ ಅವಳಿಗೆ ತವರು.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು. ನನ್ನ ಮೈ ಅಕ್ಕನ ಕಿಡ್ನಿಯ ಜೊತೆ ಜಗಳಕ್ಕೆ ನಿಲ್ಲಬಾರದು, ಅದಕ್ಕೇ ಮೈಯ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆ ಕೊಡುತ್ತಾರೆ. ಜೀವ ಇರುವ ತನಕ ನುಂಗಬೇಕು. "ಬೇರೆಯವರಿಗೆ ನೆಗಡಿ ಆಗೋದು ನಿಮಗೆ ನ್ಯುಮೋನಿಯಾ ಆಗುತ್ತೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿಲ್ಲ ಅಂತೀರಿ, ಅದರ ಹತ್ತಿರ ಮಾತ್ರ ಸುಳೀಬೇಡಿ. ಕಿಡ್ನಿ ಹೋಗುತ್ತೆ, ನೀವೂ ಹೋಗ್ತೀರಿ" ಎಂದರು. ಅಷ್ಟು ಸಾಕಾಯಿತು. ಮೊದಲೇ ಸಿಡುಕ ನಾನು, ಊರಿಗೆ ಬಂದ ಮೇಲೆ ಪೂರಾ ಮುಳ್ಳಾದೆ. ಹಾಜರಿಯನ್ನು ಕಿಟಕಿಯ ಸರಳಿನ ಹಿಂದೆ ಕೂತು ಕೂಗಿದೆ. ಯಾರಾದರೂ ಸೀನಿದರೆ ಬಾಗಿಲು ಹಾಕಿದೆ. ಜೀಪಿನಲ್ಲಿ ಹತ್ತು ಜನರ ನಡುವೆ ನುಗ್ಗಿ ಕೂರುವುದನ್ನು ಬಿಟ್ಟು ಬಾಳೂರಿಗೆ ನಡೆದೇ ಹೋದೆ. ಜನ ಹಿಂದಿನಿಂದ ನಕ್ಕರು, ನಗಲಿ ಎಂದುಕೊಂಡೆ. ಹಗಲೂ ರಾತ್ರಿ ನನ್ನ ಧ್ಯಾನವೆಲ್ಲ ಆ ಒಂದು ಕಿಡ್ನಿಯ ಮೇಲೇ ಇತ್ತು.

ಮುಂದಿನ ಬೇಸಿಗೆಗೆ ಕೂಲಿ ಲೈನುಗಳಲ್ಲಿ ಅಮ್ಮ ಕಾಣಿಸಿಕೊಂಡಳು. ನಮ್ಮಲ್ಲಿ ಸೀತಾಳೆಯನ್ನು ಕಾಯಿಲೆ ಅನ್ನುವ ಹಾಗಿಲ್ಲ, ಅಮ್ಮ ಅನ್ನಬೇಕು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ಹಾಕುವುದನ್ನು ಬಿಟ್ಟು, ಸುಮ್ಮನೆ ತಲೆಬಾಗಿ ಇರಬೇಕು. ಒಂದು ಬಾಗಿಲಿನ ಬೇವು ಒಣಗುವುದರೊಳಗೆ ಪಕ್ಕದ ಬಾಗಿಲಿಗೆ ಹಸಿ ಸೊಪ್ಪು ಬರುತ್ತಿತ್ತು. ಆಲ್ದೂರಿನಲ್ಲೂ ಬೀದಿ ಬೀದಿಯಲ್ಲಿ ಇದೆಯಂತೆ ಎಂದು ಬಸ್ಸಿನವರು ಸುದ್ದಿ ತಂದರು. ನಾನು ಕ್ವಾರ್ಟರ್ಸಿನ ಗೇಟಿಗೆ ಬೀಗ ಹಾಕಿಸಿದೆ.

ಅಕ್ಕ ಬಂದಿದ್ದು ಆ ವಾರವೇ. ಕಳಸಕ್ಕೆ ಹೋಗುವ ಬಸ್ಸಿನಲ್ಲಿ ಬಂದು ಇಳಿದು, ಬಿಸಿಲಲ್ಲಿ ಗುಡ್ಡ ಹತ್ತಿಕೊಂಡು ಬಂದಿದ್ದಳು. ಆಪರೇಷನ್ ಆದ ಮೇಲೆ ಅವಳು ತವರಿಗೆ ಬಂದಿದ್ದು ಅದೇ ಮೊದಲು. ನನ್ನ ಹೆಂಡತಿ ಕಾಲಿಗೆ ನೀರು ಕೊಡಲು ಚೊಂಬು ಹಿಡಿದು ಓಡಿದಳು. ನಾನು ಕಿಟಕಿಯಿಂದಲೇ ಅಬ್ಬರಿಸಿದೆ.

"ಗೇಟು ತೆಗೀಬೇಡ! ಅಕ್ಕ, ಅಲ್ಲೇ ನಿಂತ್ಕೊ. ನಿಮ್ಮೂರಲ್ಲಿ ಅಮ್ಮ ಇದ್ದಾಳಂತೆ."

"ನಮ್ಮನೇಲಿ ಯಾರಿಗೂ ಇಲ್ಲ ಮಾರಾಯ."

"ಬಸ್ಸಲ್ಲಿ ಬಂದಿದೀಯಲ್ಲ!"

ಹೆಂಡತಿ, "ಅಲ್ರೀ, ಅತ್ತಿಗೆಯನ್ನ ಬಿಸಿಲಲ್ಲಿ ನಿಲ್ಲಿಸ್ತೀರಾ?" ಎಂದು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ನಾನು ಜಗ್ಗಲಿಲ್ಲ. ತವರಿಗೆ ಬಂದ ಹೆಣ್ಣನ್ನು ಮಡಿಲಕ್ಕಿ ಹಾಕದೆ ಕಳಿಸುವುದುಂಟೇ ಎಂದು ಅವಳು ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಇಟ್ಟುಕೊಂಡು ಹೊರಟಳು. ಅದನ್ನು ಕೈಯಾರೆ ಹಾಕಲೂ ನಾನು ಬಿಡಲಿಲ್ಲ. ಮೊರವನ್ನು ಗೇಟಿನ ಕೆಳಗಿನಿಂದ ಆಚೆ ತಳ್ಳಿ ವಾಪಸ್ ಬರಲು ಹೇಳಿದೆ. ಅಕ್ಕ ಬಗ್ಗಿ, ತನ್ನ ಸೆರಗಿಗೆ ತಾನೇ ಅಕ್ಕಿ ತುಂಬಿಕೊಂಡಳು. ತನ್ನ ಮಡಿಲನ್ನು ತಾನೇ ತುಂಬಿಕೊಂಡ ಹೆಣ್ಣುಮಗಳನ್ನು ನಾನು ಈ ಜನ್ಮದಲ್ಲಿ ಇನ್ನೊಬ್ಬಳನ್ನು ಕಂಡಿಲ್ಲ. "ಹುಷಾರಾಗಿರು. ಮಾತ್ರೆ ತಪ್ಪಿಸ್ಬೇಡ" ಎಂದು ಹೇಳಿ ಮೂರು ಗಂಟೆಯ ಬಸ್ಸಿಗೆ ಇಳಿದು ಹೋದಳು. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡು ಊಟಕ್ಕೆ ಕೂತೆ. ಹೆಂಡತಿ ಬಡಿಸಿ ಒಳಗೆ ಹೋದಳು.

ಅದಾಗಿ ನಾಲ್ಕು ದಿನಕ್ಕೆ ಎಸ್ಟೇಟಿನ ಯಜಮಾನರಾದ ಸಾವ್ಕಾರರ ಜೀಪು ಬಂತು. ಆ ಬೀಗ, ಆ ಗೇಟು, ಆ ಶೂರತನವೆಲ್ಲ ಎಲ್ಲಿಗೆ ಹೋಯಿತೋ! ನಾನೇ ಓಡಿ ಬೀಗ ತೆಗೆದೆ. ನಾನೇ ಕುರ್ಚಿ ಒರೆಸಿದೆ. "ಯಾಕೋ ಮೈಕೈ ನೋವು ಕಣ್ರೀ, ಸ್ವಲ್ಪ ಜ್ವರ ಇದ್ದಂಗಿದೆ" ಎಂದು ಅವರು ಬಾಯಿಬಿಟ್ಟು ಹೇಳಿದರು. ಅಷ್ಟಾದರೂ "ದೂರ ಕೂತ್ಕೊಳ್ಳಿ ಸಾವ್ಕಾರ್ರೇ" ಅನ್ನಲು ನನ್ನ ನಾಲಿಗೆ ಏಳಲಿಲ್ಲ. ಅನ್ನ ಹಾಕುವ ಮನುಷ್ಯನಿಗೆ ಹಾಗನ್ನುವುದು ಹೇಗೆ? ಎರಡು ಗಂಟೆ ಕೂತು, ಕಾಫಿ ಕುಡಿದು, ಕಾಫಿ ಹೂ ಅರಳಿಸುವ ಹೂ ಮಳೆಯ ಬಗ್ಗೆ ಮಾತಾಡಿ, ಹೋಗುವಾಗ ನನ್ನ ಬೆನ್ನು ತಟ್ಟಿ ಹೋದರು. ಎರಡು ದಿನ ಬಿಟ್ಟು ಅವರ ಬಂಗಲೆಯ ಬಾಗಿಲಿಗೂ ಬೇವಿನ ಸೊಪ್ಪು ಬಿತ್ತು.

ಎರಡು ವಾರ ಕಳೆದು ನನ್ನ ಎದೆಯ ಮೇಲೆ ನೀರುಗುಳ್ಳೆ ಎದ್ದವು. ಸಂಜೆಗೆ ಮುಖ, ಬಾಯೊಳಗೆ, ಕಣ್ಣಿನ ರೆಪ್ಪೆಯಲ್ಲೂ. ಸಾವ್ಕಾರರ ಜೀಪಿನಲ್ಲೇ ಘಟ್ಟ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಮೂಲೆಯ ಕೋಣೆಗೆ ಹಾಕಿ, ಸೀತಾಳೆ ಬಂದು ಹೋದವರು ಮಾತ್ರ ಜೊತೆಗಿರಬಹುದು ಎಂದರು. ಹೆಂಡತಿಗೆ ಬಂದಿರಲಿಲ್ಲ. ಕಾರಿಡಾರಿನಲ್ಲಿ ನಿಂತು ಅತ್ತಳು. ಯಾರಿಗೆ ಹೇಳಿ ಕಳಿಸುವುದು ಎಂದು ಯೋಚಿಸುತ್ತಿದ್ದಾಗಲೇ ಮಾರನೆಯ ದಿನ ಬಸ್ಸಿನವರಿಂದ ಸುದ್ದಿ ತಿಳಿದ ಅಕ್ಕ ಚೀಲ ಹಿಡಿದು ಒಳಗೆ ಬಂದಳು.

"ನೀ ಹ್ಯಾಗೆ ಬಂದೆ? ಹೊರಗೆ ಹೋಗು!"

"ಸುಮ್ನಿರು. ನಂಗೆ ಏಳನೇ ವರ್ಷದಲ್ಲೇ ಬಂದು ಹೋಗಿದೆ. ನೀನಿನ್ನೂ ಹುಟ್ಟಿರ್ಲಿಲ್ಲ."

ಅವತ್ತು ಗೇಟಿನಲ್ಲಿ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಕೇಳುವಷ್ಟು ವ್ಯವಧಾನ ಯಾರಿಗಿತ್ತು?

ಡಾಕ್ಟರು ಮೈಯ ಶಕ್ತಿ ಕುಗ್ಗಿಸುವ ಒಂದು ಮಾತ್ರೆ ನಿಲ್ಲಿಸಿದರು. ನಿಲ್ಲಿಸದಿದ್ದರೆ ಅಮ್ಮ ಬಿಡುವುದಿಲ್ಲ, ಬಹಳ ದಿನ ನಿಲ್ಲಿಸಿದರೆ ಕಿಡ್ನಿ ಉಳಿಯುವುದಿಲ್ಲ. ಅಕ್ಕ ನನ್ನ ಮೂತ್ರವನ್ನು ಅಳತೆಯ ಜಾಡಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದಳು. ನರ್ಸಿನ ಕಣ್ಣು ತಪ್ಪಿಸಿ ದಿಂಬಿನಡಿ ಬೇವಿನೆಸಳು ಇಡುತ್ತಿದ್ದಳು. ಸಿಕ್ಕಿಬಿದ್ದು ಬೈಸಿಕೊಂಡರೂ ಮರುದಿನ ಮತ್ತೆ ಇಡುತ್ತಿದ್ದಳು. ಅವಳು ಬಂದ ಹನ್ನೆರಡನೆಯ ದಿನಕ್ಕೆ ಗುಳ್ಳೆಗಳು ಒಣಗಿದವು. ಕಿಡ್ನಿ ಉಳಿಯಿತು ಎಂದು ಡಾಕ್ಟರು ಹೇಳಿದಾಗ ಅವಳು ಎರಡೂ ಕೈ ಜೋಡಿಸಿದಳು.

ಆವತ್ತು ಮಧ್ಯಾಹ್ನ ಧೈರ್ಯ ಮಾಡಿದೆ. "ಅಕ್ಕ, ನಿನ್ನ ಗೇಟಲ್ಲಿ ನಿಲ್ಲಿಸಿದ್ದು ತಪ್ಪಾಯ್ತು."

"ನಿಲ್ಸಿದ್ದು ತಪ್ಪಲ್ಲ ಬಿಡು. ಹೆದ್ರಿಕೆ ಇತ್ತು, ನಿಲ್ಸಿದೆ." ಕಿತ್ತಳೆ ಸುಲಿಯುತ್ತಾ ಅಂದಳು. "ನಾನ್ಯಾಕೆ ಬಂದಿದ್ದೆ ಗೊತ್ತಾ?"

"ನನ್ನ ನೋಡೋಕೆ."

"ಎಲ್ಲರೂ ನಿನ್ನ ನೋಡೋಕೇ ಬರೋದು. ನಂಗೆ ಕೊಯ್ದ ಜಾಗ ನೋಯ್ತಿತ್ತು ಮಾರಾಯ. ಬಿಂದಿಗೆ ಎತ್ತೋಕೆ ಆಗ್ತಿರ್ಲಿಲ್ಲ. ಮನೇಲಿ ಹೇಳಿದ್ರೆ, ಕೊಡು ಅಂದೋರ್ಯಾರು ಅಂತಿದ್ರು. ಮದ್ರಾಸಿನ ಡಾಕ್ಟ್ರು ನಿಂಗೆ ಗುರ್ತು, ನಿನ್ ಕೈಲಿ ಒಂದು ಕಾಗ್ದ ಬರ್ಸೋಣ ಅಂತ ಬಂದೆ. ಅಂಗಳದಾಚೆ ನಿಂತು ಅದನ್ನ ಕೂಗಿ ಹೇಳೋಕಾಗುತ್ತಾ?"

ಆಪರೇಷನ್ ಆದಂದಿನಿಂದ ಅವಳ ಗಾಯ ಹೇಗಿದೆ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.

"ಈಗಲೂ ನೋಯುತ್ತಾ ಅಕ್ಕ?"

"ಹನ್ನೆರಡು ದಿನದಿಂದ ನಿನ್ ಮಂಚದ ಕೆಳಗೆ ಮಲಗ್ತಿದೀನಿ. ಕಂಬಿ ಹಿಡ್ಕೊಂಡು ಏಳೋದನ್ನ ದಿನಾ ನೋಡ್ತಿದೀಯಲ್ಲ."

ನೋಡಿದ್ದೆ. ವಯಸ್ಸಾಯಿತಲ್ಲ ಎಂದುಕೊಂಡಿದ್ದೆ. ಅವಳಿಗಾಗ ನಲವತ್ತೊಂದು.